ಕಡ್ಡಿಗಳ ಲೆಕ್ಕಕ್ಕೆ ಜೊತೆಯಾದವರಿಗೆ

ವೈವಾ ಮುಗಿಯಿತು, ಥೀಸಿಸ್ ಒಪ್ಪಿಗೆಯಾಯಿತು. ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ: ಇಷ್ಟು ವರ್ಷ ಮಾಡಿದ್ದೇನು? ಥ್ಯಾಂಕ್ಸ್ ಹೇಳುವ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಒಂದು ಉದ್ದನೆಯ ಪ್ರೋಟೀನ್. ಉದ್ದ ಸುಮಾರು 45 ನ್ಯಾನೋಮೀಟರ್, ದಪ್ಪ ಅದರ ಹತ್ತರಲ್ಲೊಂದು ಪಾಲಿನಷ್ಟು. ರಕ್ತನಾಳದೊಳಗೆ ಇಡುವ ಸ್ಟೆಂಟ್‌ನಂಥ ವಸ್ತುವಿಗೆ ರಕ್ತ ತಾಗಿದರೆ ಇದು ಹೋಗಿ ಅಂಟಿಕೊಳ್ಳುತ್ತದೆ. ಮಲಗಿ ಅಂಟುತ್ತದೆಯೋ, ನಿಂತು ಅಂಟುತ್ತದೆಯೋ, ಅಕ್ಕಪಕ್ಕದವುಗಳ ಜೊತೆ ಸಾಲಾಗುತ್ತದೆಯೋ? ಅದನ್ನು ಕಂಪ್ಯೂಟರಿನಲ್ಲಿ ನೋಡುವುದು ನನ್ನ ಕೆಲಸವಾಗಿತ್ತು.

ಮೊದಲ ಥ್ಯಾಂಕ್ಸ್ ನಮ್ಮ ಗೈಡ್ ಮೇಡಂಗೆ. ಒಂದೊಂದು ಪರಮಾಣುವಿನ ಚಲನೆಯನ್ನೂ ಲೆಕ್ಕ ಹಾಕಿದರೆ ಒಂದು ಹೆಜ್ಜೆ ಅಂದರೆ ಸುಮಾರು 2 ಫೆಮ್ಟೊಸೆಕೆಂಡ್ (ಒಂದು ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲು). ಸಾವಿರಾರು ಪ್ರೋಟೀನುಗಳು ಬಂದು ಮೇಲ್ಮೈ ತುಂಬುವುದನ್ನು ಹಾಗೆ ನೋಡುತ್ತಾ ಕೂತರೆ ಈ ಜನ್ಮ ಸಾಲದು. "ಕಡ್ಡಿ ಅಂದ್ಕೋ, ಸಾಕು" ಎಂದರು ಮೇಡಂ.

ಇಂಥದ್ದೇ ಒಂದು ಲೆಕ್ಕವನ್ನು 1958ರಲ್ಲಿ ಹಂಗೇರಿಯ ಗಣಿತಜ್ಞ ರೇನಿ ಮಾಡಿದ್ದರು. ರಸ್ತೆ ಬದಿಯಲ್ಲಿ ಕಾರುಗಳನ್ನು ಸಿಕ್ಕಸಿಕ್ಕಲ್ಲಿ ನಿಲ್ಲಿಸುತ್ತಾ ಹೋದರೆ, ಇನ್ನೊಂದಕ್ಕೆ ಜಾಗವಿಲ್ಲ ಎನ್ನುವ ಹೊತ್ತಿಗೆ ಸುಮಾರು 75% ಮಾತ್ರ ತುಂಬಿರುತ್ತದೆ. ಮೇಲ್ಮೈಗೆ ಬೀಳುವ ದುಂಡು ಬಿಲ್ಲೆಗಳಾದರೆ ಸುಮಾರು 55%. ಕಡ್ಡಿಗಳ ಕತೆ ಇನ್ನೂ ಮಜಾ. ಮೊದಲು ಬಂದವು ಅಡ್ಡಾದಿಡ್ಡಿ ಬೀಳುತ್ತವೆ. ತಡವಾಗಿ ಬಂದವಕ್ಕೆ ಹೆಚ್ಚಾಗಿ ಪಕ್ಕದ ಕಡ್ಡಿಗೆ ಸಮಾನಾಂತರವಾಗಿಯೇ ಜಾಗ ಸಿಗುತ್ತದೆ. ಹಾಗಾಗಿ ಅಲ್ಲಲ್ಲಿ ಸಣ್ಣ ಸಾಲುಗಳು ಮೂಡುತ್ತವೆ, ಎಲ್ಲವೂ ಒಂದೇ ದಿಕ್ಕಿಗೆ ತಿರುಗುವುದಿಲ್ಲ.

"ಅಂಟಿದ ಮೇಲೆ ಅವು ಅಲ್ಲಾಡಲ್ವಾ?" ಲ್ಯಾಬಿನ ಜೂನಿಯರ್ ಒಬ್ಬ ಸುಮ್ನೆ ಕೇಳಿದ್ದು. ಥೀಸಿಸ್‌ನ ಒಳ್ಳೆಯ ಅಧ್ಯಾಯ ಅಲ್ಲಿಂದ ಹುಟ್ಟಿತು. ಕಡ್ಡಿಗಳಿಗೆ ಜರುಗಲು, ತಿರುಗಲು ಬಿಟ್ಟರೆ ಸಂದುಗಳು ತೆರೆಯುತ್ತವೆ, ಹೊಸವು ಬಂದು ಸೇರುತ್ತವೆ, ಸಾಲುಗಳು ಬೆಳೆಯುತ್ತವೆ. ಉದ್ದನೆಯ ಕಡ್ಡಿಗಳು ದಟ್ಟವಾದರೆ, ಒಂದನ್ನೊಂದು ಸೆಳೆಯದಿದ್ದರೂ ಸಾಲಾಗುತ್ತವೆ ಎಂದು ರಸಾಯನ ವಿಜ್ಞಾನಿ ಆನ್ಸಾಗರ್ 1949ರಲ್ಲೇ ತೋರಿಸಿದ್ದರು. ಪುಟ್ಟಾ, ನಿನಗೆ ದೊಡ್ಡ ಥ್ಯಾಂಕ್ಸ್.

ಸೂಜಿಮೊನೆಯಿಂದ ಮೇಲ್ಮೈ ತಡವಿ ನೋಡುವ ಎಎಫ್‌ಎಂ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದುಕೊಟ್ಟ ಗೆಳತಿ ಚೆಂದದವನ್ನಷ್ಟೇ ಆರಿಸಿ ಕಳಿಸಲಿಲ್ಲ, ಮಂಕಾದವನ್ನೂ ಕಳಿಸಿದಳು. ಆರಿಸಿದ ಚಿತ್ರಗಳಿಂದ ಸರಿಯಾದ ಸರಾಸರಿ ಬರುವುದಿಲ್ಲ, ಅಲ್ವಾ? ಲೆಕ್ಕ ಓಡಿಸುವ ಕಂಪ್ಯೂಟರುಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಅಣ್ಣ ರಾತ್ರಿ ನಿಂತುಹೋದ ಜಾಬ್‌ಗಳನ್ನು ನಾನು ಕೇಳುವ ಮೊದಲೇ ಮತ್ತೆ ಶುರು ಮಾಡಿರುತ್ತಿದ್ದರು. ಅಪ್ಪ ಅಮ್ಮ "ಯಾವಾಗ ಮುಗಿಯುತ್ತೆ?" ಎಂದು ಕೇಳಲೇ ಇಲ್ಲ.

ಪರೀಕ್ಷಕರ ಕೊನೆಯ ಪ್ರಶ್ನೆಗೂ ಥ್ಯಾಂಕ್ಸ್. ಅಂಟಿದ ಪ್ರೋಟೀನ್ ಆಕಾರ ಬದಲಿಸಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ನನ್ನ ಕಡ್ಡಿಗಳು ಬಗ್ಗುವುದಿಲ್ಲ ಸರ್. ಮುಂದಿನ ಕೆಲಸ ಅದೇ.