ಐದು ಇಂಚು ಹತ್ತು ಸೆಂಟ್

ಬೆಂಗಳೂರಿನ ಮನೆ ಖಾಲಿ ಮಾಡಿ ಕೊಡಗಿನ ಸೋಮವಾರಪೇಟೆ ಪಕ್ಕದ ಈ ಹಳ್ಳಿಗೆ ಬಂದು ಮೊನ್ನೆಗೆ ಒಂದು ವರ್ಷ ತುಂಬಿತು. ಒಂದು ಮಳೆಗಾಲ, ಒಂದು ಕಾಫಿ ಕೊಯ್ಲು, ಈಗ ಕಾಫಿ ಹೂವು ಅರಳಿಸುವ ಒಂದು ಹೂಮಳೆ. ಇಲ್ಲಿಯವರು ವರ್ಷ ಎಣಿಸುವುದೇ ಹೀಗೆ. ಹೋದ ಆಗಸ್ಟ್‌ನಿಂದ ನಮ್ಮ ಕೈ ಹಿಡಿದವರಿಗೆ ಕೃತಜ್ಞತೆ ಹೇಳುವ ಈ ಬರಹಕ್ಕೆ ಕೂರುವುದು, ನಾಲ್ಕು ಸಾಲು ಬರೆದು ಎದ್ದು ಹೋಗುವುದು ನಡೆದೇ ಇತ್ತು. ಒಂಬತ್ತು ದಿನದ ಹಿಂದೆ ಮಳೆ ಬಿತ್ತು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ತೋಟ ಪೂರ್ತಿ ಬೆಳ್ಳಗಾಗಿದೆ. ಹೂವಿನ ಘಮ ಅಡುಗೆಮನೆವರೆಗೂ ಬಂದಿದೆ. ಅಪ್ಪ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾರೆ. ಇವತ್ತು ಬರೆದು ಮುಗಿಸುತ್ತೇನೆ.

ಗಾಳಿ ಚೆನ್ನಾಗಿದೆ ಎಂದು ಅಪ್ಪನನ್ನು ಕರೆದುಕೊಂಡು ಇಲ್ಲಿಗೆ ಬಂದದ್ದು, ಜುಲೈನ ಒಂದು ರಾತ್ರಿ ಅವರಿಗೆ ಉಸಿರಾಟದ ತೊಂದರೆಯಾಗಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಆಸ್ಪತ್ರೆಯ ಕಥೆ ಮತ್ತೆ ಬರೆಯಲ್ಲ. ಅಪ್ಪ ಈಗ ಚೆನ್ನಾಗಿದ್ದಾರೆ, ಅಷ್ಟು ಸಾಕು ಅಲ್ವಾ.

ಬೆಂಗಳೂರಿನಲ್ಲಿ ಸಾಮಾನು ಕಟ್ಟಿ ಲಾರಿಗೆ ಏರಿಸಿದ ಗೆಳೆಯರು, ನಮ್ಮನ್ನು ನಂಬಿ ಬಾಡಿಗೆಗೆ ಮನೆ ಕೊಟ್ಟ ಮಾಲೀಕರು, ಮಗಳನ್ನು ಶಾಲೆಯಲ್ಲಿ ಮೊದಲ ದಿನವೇ ಮಡಿಲಿಗೆ ಎಳೆದುಕೊಂಡ ಟೀಚರ್, ಆನೆ ತೋಟಕ್ಕೆ ಇಳಿದಿದೆ ಎಂದು ಮುಂಜಾನೆ ಐದಕ್ಕೇ ಫೋನ್ ಮಾಡಿ ಎಚ್ಚರಿಸುವ ಊರಿನ ಹುಡುಗರು, ದುಡ್ಡು ಆಮೇಲೆ ಕೊಡಿ ಎಂದು ಅಕ್ಕಿ ಮೂಟೆ ಇಳಿಸಿಹೋದ ಅಂಗಡಿಯವರು, ಮೈಸೂರಿನಲ್ಲಿ ಹನ್ನೊಂದು ದಿನ ತಮ್ಮ ಮನೆಯಿಂದ ಊಟ ತಂದುಕೊಟ್ಟ ನನ್ನ ಹಳೇ ಸಹೋದ್ಯೋಗಿ, ಎಲ್ಲರಿಗೂ ಕೈಮುಗಿಯುತ್ತೇನೆ. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ನಮ್ಮ ಲೈನ್‌ಮ್ಯಾನ್ ಅಣ್ಣನಿಗೆ ಬೇರೆಯಾಗಿಯೇ ಹೇಳಬೇಕು. ಕರೆಂಟ್ ಬಂದಾಗ ಸ್ವಿಚ್ ಒತ್ತುವುದಷ್ಟೇ ನಮಗೆ ಗೊತ್ತಿತ್ತು. ಅದರ ಹಿಂದೆ ಒದ್ದೆ ಬಟ್ಟೆಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ ಅನ್ನುವುದನ್ನು ಇಲ್ಲಿಗೆ ಬಂದ ಮೇಲೆ ನೋಡಿದೆ.

ಇನ್ನು ದೊಡ್ಡಮ್ಮನ ವಿಷಯ.

ನಮ್ಮದು ಇಳಿಜಾರಿನ ಕೆಳಗಿನ ಮನೆ. ಮೇಲಿನ ಮನೆ ಅವರದು. ಹೆಸರು ಹಾಕಬೇಡ ಎಂದಿದ್ದಾರೆ, ಹಾಕಲ್ಲ. ಊರಿಗೆಲ್ಲ ಅವರು ದೊಡ್ಡಮ್ಮ, ನಮಗೂ ದೊಡ್ಡಮ್ಮ. ವಯಸ್ಸು ಎಪ್ಪತ್ತು ದಾಟಿದೆ. ಮೂರು ಎಕರೆ ತೋಟ, ಎರಡು ಹಸು, ಒಬ್ಬ ಮಗ.

ನಾವು ಬಂದ ವಾರವೇ ಅವರು ಬಂದು ಮನೆಯನ್ನು ಒಂದು ಸುತ್ತು ನೋಡಿದರು. ಅಡುಗೆಮನೆಯ ಗ್ಯಾಸ್ ಒಲೆ ನೋಡಿದರು, ಇನ್ವರ್ಟರ್ ನೋಡಿದರು. ಆಮೇಲೆ ಹಿಂದಿನ ಬಾಗಿಲಿಗೆ ಹೋಗಿ, "ಕಟ್ಟಿಗೆ ಎಲ್ಲಿ?" ಎಂದರು. ಗ್ಯಾಸ್ ಇದೆಯಲ್ಲ ದೊಡ್ಡಮ್ಮ ಎಂದೆ. ಅವರು ಏನೂ ಹೇಳಲಿಲ್ಲ. ಮೇ ತಿಂಗಳ ಕೊನೆಗೆ ಮಗನ ಜೀಪಿನಲ್ಲಿ ಎರಡು ಸಲ ಒಣ ಕಟ್ಟಿಗೆ ಬಂತು. ಸಿಲ್ವರ್ ಓಕ್ ಕೊಂಬೆ, ಕಿತ್ತ ಹಳೇ ಕಾಫಿ ಗಿಡದ ಬುಡ. ಕೊಟ್ಟಿಗೆಯಲ್ಲಿ ಹೇಗೆ ಪೇರಿಸಬೇಕು ಎಂದು ಅವರೇ ನಿಂತು ಪೇರಿಸಿ ತೋರಿಸಿದರು. ತೆಳ್ಳಗಿನದು ಕೈಗೆ ಸಿಗುವ ಹಾಗೆ ಮುಂದೆ, ದಪ್ಪದ್ದು ಹಿಂದೆ. ಜಗಲಿಗೆ ಎರಚಲು ಹೊಡೆಯದ ಹಾಗೆ ಪ್ಲಾಸ್ಟಿಕ್ ಕಟ್ಟಿಸಿದರು. ಜಿಗಣೆಗೆ ಉಪ್ಪು, ಹೊಗೆಸೊಪ್ಪು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಟ್ಟರು. ಮಳೆಗಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ಎಂದು ನಾನು ಪುಸ್ತಕದಲ್ಲಿ ಓದಿದವಳು. ಅದಕ್ಕೆ ಇಷ್ಟೊಂದು ತಯಾರಿ ಬೇಕು ಅನ್ನುವುದು ಗೊತ್ತಿರಲಿಲ್ಲ.

ಅವರ ಅಂಗಳದಲ್ಲಿ ಒಂದು ರೇನ್‌ಗೇಜ್ ಇದೆ. ದಿನಾ ಬೆಳಿಗ್ಗೆ ಎಂಟಕ್ಕೆ ಅದರ ನೀರನ್ನು ಅಳೆಯುವ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ. ಇಲ್ಲಿ ಮಿಲಿಮೀಟರ್ ಮಾತಿಲ್ಲ. ಇಂಚು ಮತ್ತು ಸೆಂಟ್. ನೂರು ಸೆಂಟಿಗೆ ಒಂದು ಇಂಚು. ಸಂತೆಯಲ್ಲಿ ಇಬ್ಬರು ಸಿಕ್ಕರೆ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು ಬಂತು?" ಎಂದೇ. ಎರಡು ಮೈಲಿ ಆಚೆ ಲೆಕ್ಕ ಬೇರೆ. ಪುಷ್ಪಗಿರಿ ಕಡೆಗೆ ಹೋದಷ್ಟೂ ಜಾಸ್ತಿ, ಕುಶಾಲನಗರದ ಕಡೆಗೆ ಇಳಿದಷ್ಟೂ ಕಡಿಮೆ. ದೊಡ್ಡಮ್ಮನ ಯಜಮಾನರು ಇದ್ದಾಗ ಪುಸ್ತಕ ಬರೆಯುತ್ತಿದ್ದದ್ದು ಅವರು. ಅವರು ಹೋದ ಮಾರನೆಯ ದಿನದಿಂದ ಅಕ್ಷರ ಬೇರೆ, ಆದರೆ ಒಂದು ದಿನವೂ ಖಾಲಿ ಇಲ್ಲ.

ಜುಲೈನ ಆ ರಾತ್ರಿ, ಕರೆಂಟ್ ಹೋಗಿ ಮೂರನೇ ದಿನ. ಇನ್ವರ್ಟರ್ ಯಾವಾಗಲೋ ಮಲಗಿತ್ತು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ನನ್ನ ಗಂಡ ಆಫೀಸ್ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರು. ಮನೆಯಲ್ಲಿ ಅಪ್ಪ, ನಾನು, ಆರು ವರ್ಷದ ಮಗಳು. ಹನ್ನೊಂದು ಗಂಟೆಗೆ ಅಪ್ಪನಿಗೆ ಉಸಿರಾಟದ ತೊಂದರೆ ಶುರುವಾಯಿತು. ಟಾರ್ಚ್ ಹಿಡಿದು ಔಷಧಿ ಹುಡುಕುತ್ತಾ ಈ ಕೋಣೆಯಿಂದ ಆ ಕೋಣೆಗೆ ಓಡುತ್ತಿದ್ದೆ. ಕಾರು ತೆಗೆಯಲು ಹೋದರೆ ತಿರುವಿನಲ್ಲೇ ದೊಡ್ಡ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ವಾಪಸ್ ಬಂದೆ. ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ತಲೆಗೆ ಗೊಬ್ಬರದ ಚೀಲವನ್ನು ಕೊಪ್ಪೆಯ ಹಾಗೆ ಹಾಕಿಕೊಂಡಿದ್ದರು. ಕಾಲೆಲ್ಲ ಕೆಸರು.

"ನಿಮ್ಮ ಮನೆ ಟಾರ್ಚ್ ಅತ್ತಿಂದಿತ್ತ ಓಡಾಡ್ತಾ ಇತ್ತು. ಮಲಗಿದವರ ಮನೆಯಲ್ಲಿ ಬೆಳಕು ಹಂಗೆ ಓಡಾಡಲ್ಲ" ಎಂದರು.

ಇಷ್ಟೇ. ಅವರು ಬಂದದ್ದು ಅದಕ್ಕೆ. ಆ ಮಳೆಯಲ್ಲಿ, ಆ ಕತ್ತಲಲ್ಲಿ, ಕಿಟಕಿಯಿಂದ ಕೆಳಗೆ ನೋಡಿ, ಬೆಳಕು ಹೇಗೆ ಓಡಾಡುತ್ತಿದೆ ಎಂದು ಗಮನಿಸಿ ಇಳಿದು ಬಂದರು. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಒಂದೇ ಅಪಾರ್ಟ್‌ಮೆಂಟ್‌ನಲ್ಲಿದ್ದೆವು. ಇದನ್ನು ಯಾರ ಮೇಲಿನ ದೂರಾಗಿಯೂ ಬರೆಯುತ್ತಿಲ್ಲ. ನಾನೂ ಯಾರ ಕಿಟಕಿಯ ಬೆಳಕನ್ನೂ ನೋಡಿದವಳಲ್ಲ.

ಮಗನನ್ನು ಆಗಲೇ ಎಬ್ಬಿಸಿ ಬಂದಿದ್ದರು. ಮರ ಬಿದ್ದಿದೆ ಎಂದು ಹೇಳಿದ್ದೇ ತಡ, ಮಗ ಮರ ಕೊಯ್ಯುವ ಮೆಷಿನ್ ತೆಗೆದುಕೊಂಡು, ತೋಟದ ಕೆಲಸಗಾರರ ಲೈನ್ ಮನೆಯಿಂದ ಇನ್ನಿಬ್ಬರನ್ನು ಕರೆದುಕೊಂಡು ತಿರುವಿಗೆ ಹೋದರು. ಆಮೇಲೆ ರಾತ್ರಿಯಿಡೀ ಮಳೆಯ ಸದ್ದಿನ ನಡುವೆ ಆ ಮೆಷಿನ್ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ಅದು ನಿಂತಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಅಪ್ಪನಿಗೆ ಮಲಗಲು ಆಗುತ್ತಿರಲಿಲ್ಲ. ದೊಡ್ಡಮ್ಮ ಗೋಡೆಗೆ ಬೆನ್ನು ಕೊಟ್ಟು ಮಂಚದ ಮೇಲೆ ಕೂತರು. ಅಪ್ಪನನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡರು. ಒಂದು ಕೈ ಅಪ್ಪನ ಬೆನ್ನ ಮೇಲೆ. "ನಿಧಾನ, ನಿಧಾನ" ಎಂದಷ್ಟೇ ಹೇಳುತ್ತಿದ್ದರು. ಅಪ್ಪ ಸಂಕೋಚದ ಮನುಷ್ಯ. ಹೆಂಗಸರ ಎದುರು ಬನಿಯನ್ನಿನಲ್ಲಿ ಕೂರದವರು. ಆ ರಾತ್ರಿ ಮಗುವಿನ ಹಾಗೆ ಒರಗಿದ್ದರು.

ಒಂದು ಹೊತ್ತಿಗೆ ನನ್ನ ಬಾಯಿಂದ ಆ ಮಾತು ಬಂತು. "ನಾನೇ ಕರ್ಕೊಂಡು ಬಂದು ಅಪ್ಪನ್ನ ಕೊಲ್ತಾ ಇದೀನಾ ದೊಡ್ಡಮ್ಮ?" ಎಂದೆ. ಈ ಮಾತನ್ನು ಗಂಡನಿಗೂ ಹೇಳಿಲ್ಲ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ರೈಲು ಇಲ್ಲದ ಜಿಲ್ಲೆ, ಕೈಗೆ ಸಿಗದ ದೊಡ್ಡಾಸ್ಪತ್ರೆ, ಮರ ಬಿದ್ದರೆ ಮುಚ್ಚಿಹೋಗುವ ರಸ್ತೆ. ಎಲ್ಲ ಗೊತ್ತಿದ್ದೂ, ಕಾಡು ಇದೆ, ಕೆರೆ ಇದೆ, ಗಾಳಿ ಚೆನ್ನಾಗಿದೆ ಎಂದು ಹಟ ಹಿಡಿದು ಕರೆತಂದವಳು ನಾನೇ.

ದೊಡ್ಡಮ್ಮ ಸಮಾಧಾನ ಹೇಳಲಿಲ್ಲ. "ಒಲೆ ಆರ್ತಾ ಇದೆ. ಹೋಗಿ ಎರಡು ಕಟ್ಟಿಗೆ ಹಾಕು ಮಗಾ. ದಪ್ಪದ್ದು ಹಾಕು" ಎಂದರು.

ಹಾಕಿದೆ. ಅವರೇ ಪೇರಿಸಿದ್ದ ಕಟ್ಟಿಗೆ. ನೀರು ಕಾಯಿಸಿದೆ. ಬಟ್ಟೆ ಬಿಸಿ ಮಾಡಿ ಅಪ್ಪನ ಪಾದಕ್ಕೆ ಸುತ್ತಿದೆ. ಮತ್ತೆ ಬಟ್ಟೆ ಬಿಸಿ ಮಾಡಿದೆ. ಬೆಳಗಿನವರೆಗೂ ನನ್ನ ಕೈಗೆ ಅವರು ಏನಾದರೊಂದು ಕೆಲಸ ಕೊಡುತ್ತಲೇ ಇದ್ದರು.

ಗಂಟೆಗೊಮ್ಮೆ ನನ್ನನ್ನು ಅಪ್ಪನ ಪಕ್ಕ ಕೂರಿಸಿ, ಟಾರ್ಚ್ ಹಿಡಿದು ಹಿಂದಿನ ಚರಂಡಿ ನೋಡಿ ಬರುತ್ತಿದ್ದರು. ಯಾಕೆಂದು ಆಗ ಕೇಳಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಅವರ ತಂಗಿಯ ಮನೆ ಹೋಗಿತ್ತು. ಜನ ಉಳಿದರು, ಮನೆ, ತೋಟ ಉಳಿಯಲಿಲ್ಲ. ಇಳಿಜಾರಿನಿಂದ ಬರುವ ನೀರು ಒಮ್ಮೆಲೇ ಕೆಂಪು ಕೆಸರಾದರೂ, ಹರಿಯುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ನಿಂತರೂ ಅಲ್ಲಿ ನಿಲ್ಲಬಾರದು ಎಂದು ಆಮೇಲೆ ಹೇಳಿಕೊಟ್ಟರು. ನಾನು ಅಪ್ಪನ ಉಸಿರು ಒಂದನ್ನೇ ಕಾಯುತ್ತಿದ್ದೆ. ಅವರು ನಮ್ಮೆಲ್ಲರ ಜೊತೆಗೆ ಗುಡ್ಡವನ್ನೂ ಕಾಯುತ್ತಿದ್ದರು.

ಐದು ಗಂಟೆಗೆ ಮೆಷಿನ್ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಜೀಪಿನ ಬೆಳಕು ಬಂತು. ಮೂರು ಜನ ಅಪ್ಪನನ್ನು ಕುರ್ಚಿ ಸಮೇತ ಎತ್ತಿ ಕೂರಿಸಿದರು. ಮೊದಲು ಸೋಮವಾರಪೇಟೆ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಮೈಸೂರು. ಮಗಳು ನಿದ್ದೆಯಲ್ಲೇ ಇದ್ದಳು. "ಇವಳು ನನ್ನ ಹತ್ರ ಇರ್ತಾಳೆ, ನೀನು ಹೋಗು" ಎಂದರು. ಹನ್ನೊಂದು ದಿನ ಮಗಳು ಅಲ್ಲೇ ಇದ್ದಳು. ವಾಪಸ್ ಬಂದಾಗ ಅವಳಿಗೆ ಹಾಲು ಕರೆಯಲು ಬರುತ್ತಿತ್ತು, ರೇನ್‌ಗೇಜ್ ಓದಲು ಬರುತ್ತಿತ್ತು. ಯೂನಿಫಾರ್ಮನ್ನು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ ದಿನಾ ಶಾಲೆಗೆ ಕಳಿಸಿದ್ದರು. ಆ ಹೊಗೆಯ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಹೋಗುವುದೂ ಬೇಡ.

ಆಗಸ್ಟ್ 3ಕ್ಕೆ ಕಕ್ಕಡದ, ಅಂದರೆ ಕೊಡಗಿನ ಮಳೆಗಾಲದ ತಿಂಗಳ, ಹದಿನೆಂಟನೇ ದಿನ. ಅಪ್ಪ ಮನೆಗೆ ಬಂದು ಮೂರು ದಿನವಾಗಿತ್ತು. ದೊಡ್ಡಮ್ಮ ಪಾತ್ರೆ ತುಂಬ ಮದ್ದು ಸೊಪ್ಪಿನ ಪಾಯಸ ತಂದರು. ಕಡು ನೇರಳೆ ಬಣ್ಣ, ಮೇಲೆ ತುಪ್ಪ. ಆ ದಿನಕ್ಕೆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ ಎನ್ನುವುದು ಕೊಡಗಿನವರ ನಂಬಿಕೆ. "ನಾಳೆ ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡಿ" ಎಂದು ಅಪ್ಪನಿಗೆ ನೇರವಾಗಿ ಹೇಳಿದರು. ಅಪ್ಪ ಎರಡು ಬಟ್ಟಲು ತಿಂದರು. ಎಷ್ಟೋ ದಿನದ ನಂತರ ಏನನ್ನಾದರೂ ಕೇಳಿ ಹಾಕಿಸಿಕೊಂಡು ತಿಂದದ್ದು ಅವತ್ತೇ.

ಗೌರಿ ಹಬ್ಬಕ್ಕೆ ನನ್ನನ್ನು ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಕರೆದುಕೊಂಡು ಹೋದರು. ಕೊಡಗಿನಲ್ಲಿ ಇದೇ ದೊಡ್ಡ ಕೆರೆ ಎನ್ನುತ್ತಾರೆ. ಊರಿಗೆ ನೀರಾಗಲಿ ಎಂದು ಜೀವ ಕೊಟ್ಟ ಸೊಸೆ ಹೊನ್ನಮ್ಮ ಎಂದು ಕಥೆ. ಪ್ರತಿ ವರ್ಷ ಗೌರಿ ಹಬ್ಬದ ದಿನ ಕೆರೆಗೆ ಬಾಗಿನ ಬಿಡುತ್ತಾರೆ. ಜನ ತುಂಬಿದ್ದರು. ಸೋನೆ ಮಳೆ. ಕೆರೆ ತುಂಬಿ ದಡದ ಹುಲ್ಲಿಗೆ ನೀರು ಮುಟ್ಟಿತ್ತು. ಆ ನೀರು ನೋಡುತ್ತಿದ್ದ ಹಾಗೆ ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಬಂದಿರಲಿಲ್ಲ, ಡಾಕ್ಟರ್ ಪರವಾಗಿಲ್ಲ ಎಂದಾಗಲೂ ಬಂದಿರಲಿಲ್ಲ. ಅಷ್ಟು ಜನರ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಮುಗಿಯುವವರೆಗೂ ದೊಡ್ಡಮ್ಮ ಸುಮ್ನೆ ಕೊಡೆ ಹಿಡಿದು ನಿಂತಿದ್ದರು. ಪೂರ್ತಿ ಕೊಡೆ ನನ್ನ ಮೇಲೆ. ಅವರ ಒಂದು ಬದಿ ಸೀರೆ ಒದ್ದೆಯಾಗಿತ್ತು.

ಮಳೆ ಪುಸ್ತಕ ನಾನು ನೋಡಿದ್ದು ಡಿಸೆಂಬರ್‌ನಲ್ಲಿ. ಕಾಫಿ ಕೊಯ್ಲಿನ ಸಮಯ. ಕಣದಲ್ಲಿ ಹಣ್ಣು ಹರಡಿ ಬಂದು ಅವರ ಜಗಲಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಪುಸ್ತಕ ಇತ್ತು. ಜುಲೈ ತಿಂಗಳ ಪುಟ ತೆಗೆದೆ. ದೊಡ್ಡಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಅಕ್ಷರ ದಪ್ಪ ದಪ್ಪ, ಸಾಲು ಸ್ವಲ್ಪ ಮೇಲಕ್ಕೆ ಏರುತ್ತದೆ. ಬೇರೆ ದಿನಗಳ ಎದುರು ಬರೀ ಅಂಕಿ. ಆ ದಿನದ ಎದುರು ಹೀಗಿತ್ತು: "5.10. ಕೆಳಮನೆ ಯಜಮಾನ್ರು ಆಸ್ಪತ್ರೆಗೆ. ರಸ್ತೆಗೆ ಮರ." ಮಾರನೆಯ ದಿನ: "3.40. ಸುದ್ದಿ ಇಲ್ಲ." ಅದರ ಮಾರನೆಯ ದಿನ: "2.75. ಸುದ್ದಿ ಇಲ್ಲ." ಆಮೇಲೆ: "1.90. ಫೋನ್ ಬಂತು. ಪರವಾಗಿಲ್ಲ."

ಅಂದರೆ ನಮ್ಮನ್ನು ಜೀಪು ಹತ್ತಿಸಿ, ರಾತ್ರಿಯಿಡೀ ನಿದ್ದೆ ಇಲ್ಲದೆ, ಎಂಟು ಗಂಟೆಗೆ ಅಂಗಳಕ್ಕೆ ಹೋಗಿ ಮಳೆ ಅಳೆದಿದ್ದಾರೆ. ಅಳೆದು ಅದರ ಪಕ್ಕ ನನ್ನ ಅಪ್ಪನನ್ನು ಬರೆದುಕೊಂಡಿದ್ದಾರೆ. ನಾನು ಮೈಸೂರಿಗೆ ಹೋದ ಮೇಲೆ ಎರಡು ದಿನ ಫೋನ್ ಮಾಡಿರಲಿಲ್ಲ. ಇಲ್ಲಿ ನೆಟ್‌ವರ್ಕ್ ಇಲ್ಲ ಎಂದು ಪ್ರಯತ್ನವನ್ನೇ ಮಾಡಿರಲಿಲ್ಲ. ಆ ಎರಡು "ಸುದ್ದಿ ಇಲ್ಲ"ಗಳಿಗೆ ನಾನು ಇನ್ನೂ ಕ್ಷಮೆ ಕೇಳಿಲ್ಲ ದೊಡ್ಡಮ್ಮ. ನಿಮ್ಮ ಮಗ ಇದನ್ನು ಓದಿ ಹೇಳುತ್ತಾರೆ. ತಪ್ಪಾಯಿತು.

ಥ್ಯಾಂಕ್ಸ್ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಸೀರೆ ಕೊಟ್ಟರೆ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದಕ್ಕೆ ಈ ಮೇ ತಿಂಗಳು ಅವರ ಮನೆಯ ಕಟ್ಟಿಗೆ ನಾವು ಪೇರಿಸುತ್ತೇವೆ ಎಂದು ಅವರ ಮಗನ ಹತ್ತಿರ ಮಾತಾಡಿದ್ದೇವೆ. ತೆಳ್ಳಗಿನದು ಮುಂದೆ, ದಪ್ಪದ್ದು ಹಿಂದೆ.

ವಾಪಸ್ ಬರ್ತೀರಾ ಎಂದು ನೀವು ಹಲವರು ಕೇಳಿದ್ದೀರಿ. ಇಲ್ಲ. ಮನೆಯ ಬಾಡಿಗೆ ಕರಾರು ಮೂರು ವರ್ಷಕ್ಕೆ ಬರೆಸಿದ್ದೇವೆ. ತಿರುವಿನ ಹತ್ತಿರ ವಾಲಿದ್ದ ಇನ್ನೆರಡು ಮರಗಳ ಕೊಂಬೆ ತೆಗೆಸಿದ್ದಾಗಿದೆ. ಅಪ್ಪನಿಗೆ ಬೇಕಾದದ್ದೆಲ್ಲ ಈಗ ಮನೆಯಲ್ಲೇ ಇದೆ, ನಮ್ಮಲ್ಲಿ ಒಬ್ಬರು ಯಾವಾಗಲೂ ಅವರ ಜೊತೆ ಇರುತ್ತೇವೆ.

ಸಂಕ್ರಾಂತಿಗೆ ಮೊಮ್ಮಗಳು ಅಪ್ಪನಿಗೆ ಒಂದು ರೇನ್‌ಗೇಜ್ ಕೊಡಿಸಿದಳು. ಅವತ್ತಿನಿಂದ ಅವರದೂ ಒಂದು ಪುಸ್ತಕ. ಇವತ್ತು ಬೆಳಿಗ್ಗೆ ಎಂಟಕ್ಕೆ, ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ, ಕೋಲು ಊರಿಕೊಂಡು ಅಂಗಳಕ್ಕೆ ಹೋಗಿ ಬಗ್ಗಿ ನೋಡಿದರು. ಆಮೇಲೆ ಮೇಲಿನ ಮನೆ ಕಡೆ ತಿರುಗಿ ಜೋರಾಗಿ, "ಇಲ್ಲಿ ಸೊನ್ನೆ" ಎಂದರು.

ಬಿಳೀ ಗಿಡಗಳ ಆಚೆಯಿಂದ ದೊಡ್ಡಮ್ಮನ ದನಿ ಬಂತು. "ಇಲ್ಲೂ ಸೊನ್ನೆ. ಹೂವು ಅರಳಿದ ದಿನ ಬರಬಾರದು, ಒಳ್ಳೇದಾಯ್ತು. ತಿಂಡಿ ಆಯ್ತಾ?"