ಲಾಟೀನು ಬೆಳಕಲ್ಲಿ ಫಾರಂ ತುಂಬಿದವರಿಗೆ

ಕಳೆದ ತಿಂಗಳು ಶಾಲೆಯಿಂದ ನಿವೃತ್ತಳಾದೆ. ಬೀಳ್ಕೊಡುಗೆ ದಿನ ಹಾರ, ಶಾಲು, ಮಾತು ಎಲ್ಲ ಆಯಿತು. ಬಂದವರಿಗೆಲ್ಲ ಅಲ್ಲೇ ಕೈಮುಗಿದಿದ್ದೇನೆ. ಆದರೆ ಒಬ್ಬರಿಗೆ ಹೇಳಬೇಕಾದದ್ದು ಬಾಕಿ ಉಳಿದಿತ್ತು. ಮೊನ್ನೆ ಹೋಗಿ ಹೇಳಿ ಬಂದೆ. ನಾಲ್ಕು ಜನರಿಗೆ ತಿಳಿಯಲಿ ಅಂತ ಇಲ್ಲಿಯೂ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. "ಹೆಸರು ಗಿಸರು ಹಾಕ್ಬೇಡ ತಂಗಿ, ಆಗ ಓಡಾಡಿದ್ದು ನಾನೊಬ್ನೇ ಅಲ್ಲ" ಎಂದಿದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ ಕಡೆಯ ಹಳೇ ಗೇಣಿದಾರರ ಮನೆಯವರಿಗೆ ಇಷ್ಟು ಹೇಳಿದರೂ ಗುರುತು ಸಿಗಬಹುದು.

ನಮ್ಮದು ಗಂಗಾವಳಿ ಹೊಳೆ ದಡದ ಊರು. ಬೇಸಾಯ ನಮ್ಮದು, ಗದ್ದೆ ಒಡೆಯರದ್ದು. ಗೇಣಿ ಭತ್ತ ಅಳೆದುಕೊಟ್ಟ ಮೇಲೆ ಉಳಿದದ್ದರಲ್ಲಿ ಮಳೆಗಾಲ ಕಳೆಯಬೇಕು. ಕೊಟ್ಟಿದ್ದಕ್ಕೆ ರಸೀದಿ ಇಲ್ಲ. ದಿನಕರ ದೇಸಾಯಿಯವರು ಇಂಥ ಗೇಣಿದಾರರನ್ನೇ ಒಗ್ಗೂಡಿಸಿದ್ದು. ಅದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. 1967ರಲ್ಲಿ ಅದೇ ಜಿಲ್ಲೆಯ ಜನ ಅವರನ್ನು ಲೋಕಸಭೆಗೆ ಕಳಿಸಿದರು. ಅಜ್ಜಿಯ ಬಾಯಲ್ಲಿ ಅವರು 'ದೇಸಾಯರು'. ನಾನು ಹೇಳುತ್ತಿರುವವರು ಆ ದೇಸಾಯರ ಹಿಂದೆ ಹುಡುಗನಾಗಿದ್ದಾಗಿಂದ ಓಡಾಡಿದವರು.

ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವರು ಏಳನೇ ನಂಬರ್ ಫಾರಂ ಕೊಟ್ಟರೆ ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಅವರ ಹೆಸರಿಗೆ ಮಾಡುತ್ತಿತ್ತು. ಕಾನೂನೇನೋ ಬಂತು. ಅಕ್ಷರ ಗೊತ್ತಿಲ್ಲದ ನನ್ನ ಅಜ್ಜಿ ಫಾರಂ ತುಂಬುವುದು ಹೇಗೆ? ಸರ್ವೆ ನಂಬರ್ ಅಂದರೆ ಏನೆಂದೇ ತಿಳಿಯದು. ಅದಕ್ಕಿಂತ ಜಾಸ್ತಿ, ಹೆದರಿಕೆ. ಒಡೆಯರ ಎದುರು ನಿಂತು ಮಾತಾಡಿ ಅಭ್ಯಾಸವಿದ್ದ ಮನೆಯಲ್ಲ ನಮ್ಮದು.

ಆಗ ಅವರು ನಮ್ಮ ಕೇರಿಗೆ ಬಂದರು. ದೇವಸ್ಥಾನದ ಎದುರು ಸಭೆ. ನಾನು ಚಿಕ್ಕವಳು, ಭಾಷಣದ ಒಂದು ಮಾತೂ ನೆನಪಿಲ್ಲ. ಆಮೇಲಿನದ್ದು ಚೆನ್ನಾಗಿ ನೆನಪಿದೆ. ಭಾಷಣ ಮಾಡಿ ಹೊರಟುಹೋಗಲಿಲ್ಲ ಅವರು. ನಮ್ಮ ಜಗಲಿಯ ಮೇಲೆ ಚಾಪೆ ಹಾಕಿಸಿ, ಲಾಟೀನು ಪಕ್ಕಕ್ಕಿಟ್ಟುಕೊಂಡು, ಒಬ್ಬೊಬ್ಬರನ್ನೇ ಕೂರಿಸಿ ಕೇಳಿ ಬರೆದರು. ಮೂಡಲಿಗೆ ಯಾರ ಗದ್ದೆ? ಪಡುವಲಿಗೆ ಏನುಂಟು? ಗೇಣಿ ಭತ್ತ ಯಾರ ಅಂಗಳದಲ್ಲಿ ಅಳೆದಿರಿ? ಹೊತ್ತುಕೊಂಡು ಹೋದವರು ಯಾರು? ರಸೀದಿ ಇಲ್ಲದವರಿಗೆ ಸಾಕ್ಷಿಯೇ ಗತಿ ಅಲ್ವಾ? ಹೊತ್ತವರ ಹೆಸರನ್ನೂ ಬೇರೆ ಕಾಗದದಲ್ಲಿ ಬರೆದುಕೊಂಡರು. ಅಜ್ಜಿಯ ಹೆಬ್ಬೆಟ್ಟಿಗೆ ತಾವೇ ಶಾಯಿ ಹಚ್ಚಿ ಒತ್ತಿಸಿದರು. "ಕೇಳಿದಾಗ ನಡೆದದ್ದು ಹೇಳು, ಒಂದು ಮಾತೂ ಹೆಚ್ಚು ಹೇಳ್ಬೇಡ" ಎಂದರು. ಅಜ್ಜಿ ವಿಚಾರಣೆಯಲ್ಲಿ ಹಾಗೇ ಹೇಳಿದಳು.

ಗದ್ದೆ ನಮ್ಮದಾಯಿತು. ಗೇಣಿಗೆ ಹೋಗುತ್ತಿದ್ದ ಭತ್ತ ಮನೆಯಲ್ಲೇ ಉಳಿಯಿತು. ನನ್ನನ್ನು ಶಾಲೆ ಬಿಡಿಸುವ ಮಾತು ನಿಂತಿತು. ದೇಸಾಯರ ಕೆನರಾ ವೆಲ್‌ಫೇರ್ ಟ್ರಸ್ಟಿನ ಗೋಖಲೆ ಸೆಂಟಿನರಿ ಕಾಲೇಜಿನಲ್ಲಿ ಓದಿದೆ. ಅಕ್ಕೋರಾದೆ.

ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ಊರು. ಅದನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಜಗಲಿ ಜಗಲಿಗೆ ಹೋಗಿ ಫಾರಂ ತುಂಬಿದವರ ಕೆಲಸ ಅದಕ್ಕಿಂತ ಸಣ್ಣದಲ್ಲ. ಅವರು ಬರೆಯದಿದ್ದರೆ ಎಷ್ಟೋ ಮನೆಗಳಿಗೆ ಆ ಕಾನೂನು ಸುಮ್ನೆ ಕಾಗದವಾಗಿಯೇ ಇರುತ್ತಿತ್ತು.

ಅವರೀಗ ಕುಮಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ತೊಂಬತ್ತರ ಹತ್ತಿರ ವಯಸ್ಸು, ಕಿವಿ ಮಂದ. ಅಜ್ಜಿಯ ಹೆಸರು ಹೇಳಿದೆ, ನೆನಪಾಗಲಿಲ್ಲ. ಊರಿನ ಹೆಸರು ಹೇಳಿದೆ, ತಲೆಯಾಡಿಸಿದರು ಅಷ್ಟೆ. ಕೊನೆಗೆ ಫಾರಂನ ನಕಲು ಕೈಗಿಟ್ಟೆ. ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದುತ್ತ ಬಂದರು. ಚೆಕ್ಕುಬಂದಿಯ, ಅಂದರೆ ಗದ್ದೆಯ ನಾಲ್ಕು ದಿಕ್ಕಿನ ಗಡಿ ಬರೆದ ಸಾಲಿನಲ್ಲಿ ಬೆರಳು ನಿಂತಿತು. "ಪಡುವಲಿಗೆ ಗಜನಿ ಒಡ್ಡು. ಹೌದು, ಇದು ನನ್ನದೇ ಅಕ್ಷರ. ಆ ಒಡ್ಡು ಈಗ ಗಟ್ಟಿ ಉಂಟಾ? ಉಪ್ಪುನೀರು ನುಗ್ತದಾ?" ಎಂದು ಕೇಳಿದರು. ಗಜನಿ ಅಂದರೆ ಉಪ್ಪುನೀರು ಏರಿಬರುವ ತಗ್ಗು ಗದ್ದೆ, ಆ ನೀರು ತಡೆಯುವುದು ಒಡ್ಡು. ಅವರು ಮೊದಲು ವಿಚಾರಿಸಿದ್ದು ಗದ್ದೆಯನ್ನು. ಆಮೇಲೆ, "ನೀನು ಯಾರ ಮೊಮ್ಮಗಳೇ ತಂಗಿ?" ಎಂದು ಮತ್ತೆ ಶುರುವಿಂದ ಕೇಳಿದರು.

ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಕಾಲು ಮುಟ್ಟಿ, "ನೀವು ಬರೆದುಕೊಟ್ಟಿದ್ದರಿಂದ ನಾವು ಹೊಟ್ಟೆ ತುಂಬ ಉಂಡೆವು, ನಾನು ಓದಿದೆ" ಎಂದೆ. ಗಟ್ಟಿಯಾಗಿ ಇನ್ನೊಮ್ಮೆ ಹೇಳಬೇಕಾಯಿತು. ಅವರು ಮಗಳ ಕಡೆ ತಿರುಗಿ, "ಕೇಳಿದ್ಯಾ?" ಎಂದರು. ಅವಲಕ್ಕಿ ತಿನ್ನದೆ ಏಳಲು ಬಿಡಲಿಲ್ಲ.

ಅವರನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರುವ ಮಗಳಿಗೆ, ಮನೆ ಹುಡುಕಿ ಕಾರಿನಲ್ಲಿ ಕರೆದೊಯ್ದ ನನ್ನ ಹಳೇ ವಿದ್ಯಾರ್ಥಿಗೆ, ಅಜ್ಜಿಯ ಟ್ರಂಕಿನ ಕಾಗದಗಳಿಗೆ ಇಷ್ಟು ಮಳೆಗಾಲ ಹನಿ ನೀರು ತಾಗದಂತೆ ಕಾಪಾಡಿದ ಅತ್ತಿಗೆಗೆ ಮನಸಾರೆ ಧನ್ಯವಾದ. ಫಾರಂ ತುಂಬಿಕೊಟ್ಟ ಅವರಿಗಂತೂ ಎಷ್ಟು ಹೇಳಿದರೂ ಕಡಿಮೆಯೇ.

ಹೊರಡುವಾಗ ಅವರು ಒಂದು ಕೇಳಿದರು. ದೇಸಾಯರ 'ಜನಸೇವಕ' ವಾರಪತ್ರಿಕೆಯ ಹಳೇ ಸಂಚಿಕೆ ಮತ್ತೊಮ್ಮೆ ನೋಡಬೇಕಂತೆ. ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಇದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಒಯ್ಯುತ್ತೇನೆ, ಅವರಿಗೆ ಓದಿ ಹೇಳಿ ಜೋಪಾನವಾಗಿ ವಾಪಸ್ ತಂದುಕೊಡುತ್ತೇನೆ.