ಹೂವಿನಂಗಡಿ ಉಳಿಯುವುದು ಬಕೆಟ್ಟಿನ ನೀರಿನಿಂದ

ಸಂಪಾದಕರಿಗೆ,

ಮಾನ್ಯರೇ,

ಸ್ವಉದ್ಯೋಗದ ಬರಹಗಳಲ್ಲಿ ಹೂವಿನ ವ್ಯಾಪಾರಕ್ಕೆ ‘ಕಡಿಮೆ ಬಂಡವಾಳ, ಕೈತುಂಬ ಲಾಭ’ ಎಂಬ ಹಣೆಪಟ್ಟಿ ಕಾಯಂ. ಬೊಕೆ ಕಟ್ಟುವುದನ್ನು ಕಲಿಸುವವರೂ ಬೇಕಾದಷ್ಟಿದ್ದಾರೆ. ತಂದ ಹೂವನ್ನು ಬಾಡದಂತೆ ಇಟ್ಟುಕೊಳ್ಳುವುದು ಹೇಗೆಂಬ ಮಾತು ಮಾತ್ರ ಅಪರೂಪ. ಹೊಸಬರು ಕೈಸುಟ್ಟುಕೊಳ್ಳುವುದು ಅಲ್ಲೇ.

ಲೆಕ್ಕ ನೋಡಿ. 100 ದಂಟು ಗುಲಾಬಿ ತಂದು 15 ಕಸಕ್ಕೆ ಹೋದರೆ ಇಡೀ ಖರೀದಿ ಉಳಿದ 85ರ ತಲೆಗೆ ಬೀಳುತ್ತದೆ. ಪ್ರತಿ ದಂಟಿನ ಅಸಲು ಸುಮಾರು ಶೇ 18ರಷ್ಟು ಏರಿದಂತೆ. ಆದರೂ ಹೆಚ್ಚಿನವರು ಖರೀದಿಯನ್ನು 100ರಿಂದಲೇ ಭಾಗಿಸಿ ದರ ಕಟ್ಟುತ್ತಾರೆ. ಸೊಪ್ಪು, ರಿಬ್ಬನ್, ಕಾಗದ, ಸಾಗಾಟ ಅದರಲ್ಲಿ ಅರ್ಧಂಬರ್ಧ ಸೇರುತ್ತವೆ, ತಮ್ಮ ಕೂಲಿಯಂತೂ ಸೇರುವುದೇ ಇಲ್ಲ. ಪ್ರತಿ ಬೊಕೆಗೂ ದಂಟು ಎಣಿಸಿ ಚೀಟಿ ಬರೆದಿಡುವ ಅಭ್ಯಾಸ ಮೊದಲ ದಿನದಿಂದಲೇ ಬೇಕು.

ಇನ್ನು ನೀರು. ಹೂ ಕೊಯ್ದಾಗ ದಂಟಿನ ನಾಳಗಳೊಳಗೆ ಗಾಳಿ ಸೇರಿಕೊಳ್ಳುತ್ತದೆ, ಕೊಳಕು ನೀರಿನ ಬ್ಯಾಕ್ಟೀರಿಯಾ ಅದೇ ನಾಳಗಳನ್ನು ಕಟ್ಟಿಹಾಕುತ್ತದೆ. ಸುತ್ತ ನೀರಿದ್ದರೂ ಹೂ ಬಾಯಾರಿ ಬಾಡುವುದು ಇದರಿಂದಲೇ. ಹೂ ಬಂದ ಕೂಡಲೇ ದಂಟಿನ ತುದಿಯನ್ನು ಹರಿತವಾದ ಚಾಕುವಿನಿಂದ 2–3 ಸೆಂ.ಮೀ. ಓರೆಯಾಗಿ ಕತ್ತರಿಸಬೇಕು. ಮೊಂಡು ಕತ್ತರಿ ನಾಳವನ್ನೇ ಜಜ್ಜಿಬಿಡುತ್ತದೆ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ತೆಗೆದು, ಬಕೆಟ್ಟಿನಲ್ಲಿ ನಿಲ್ಲಿಸಿ, ಕನಿಷ್ಠ ಎರಡು ಮೂರು ಗಂಟೆ ನೀರು ಕುಡಿಯಲು ಬಿಟ್ಟ ಮೇಲೆಯೇ ಕಟ್ಟಲು ಕೂರಬೇಕು. ಬಕೆಟ್ಟನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಉಜ್ಜಿ, ಚೆನ್ನಾಗಿ ಜಾಲಿಸಿ ಇಡಿ. ಒಳಗೆ ಕೈಯಾಡಿಸಿದಾಗ ಲೋಳೆ ತಾಗಿದರೆ ಅದು ಹೂವಿಗೆ ಯೋಗ್ಯವಲ್ಲ.

ಜರ್ಬೆರಾಕ್ಕೆ ಮಾತ್ರ ಬಕೆಟ್ ತುಂಬ ನೀರು ಹಾಕಬಾರದು. ಅದರ ದಂಟು ಮೆತ್ತಗೆ, ಬೇಗ ಕೊಳೆಯುತ್ತದೆ. ನಾಲ್ಕು ಬೆರಳು ನೀರು ಸಾಕು. ಗ್ಲಾಡಿಯೋಲಸ್ ಅನ್ನು ಅಡ್ಡ ಮಲಗಿಸಿದರೆ ತುದಿ ಮೇಲಕ್ಕೆ ಬಾಗಿ ಡೊಂಕಾಗುತ್ತದೆ, ಆಮೇಲೆ ನೆಟ್ಟಗಾಗುವುದಿಲ್ಲ. ಕತ್ತು ಬಾಗಿದ ಗುಲಾಬಿಯನ್ನು ಎಸೆಯುವ ಮುನ್ನ ತಲೆ ನೆಟ್ಟಗಿರುವಂತೆ ಕಾಗದದಲ್ಲಿ ಬಿಗಿಯಾಗಿ ಸುತ್ತಿ, ನೀರಿನೊಳಗೇ ತುದಿ ಕತ್ತರಿಸಿ, ಉಗುರುಬೆಚ್ಚಗಿನ ಆಳದ ನೀರಿನಲ್ಲಿ ಒಂದೆರಡು ಗಂಟೆ ನಿಲ್ಲಿಸಿ ನೋಡಿ. ಗಾಳಿ ಸಿಕ್ಕಿಕೊಂಡಿದ್ದಷ್ಟೇ ಕಾರಣವಾಗಿದ್ದರೆ ಹೂ ತಲೆಯೆತ್ತುತ್ತದೆ. ಹಳತಾಗಿದ್ದರೆ ಇಲ್ಲ.

ತಂಪಿನ ವಿಷಯದಲ್ಲೂ ಎಡವುವವರು ಬಹಳ. ಗುಲಾಬಿ, ಕಾರ್ನೇಷನ್, ಸೇವಂತಿಗೆಗೆ 2–4 ಡಿಗ್ರಿ ಸೆಲ್ಸಿಯಸ್ ಹಿತ. ಅದೇ ತಂಪಿನಲ್ಲಿ ಆಂಥೂರಿಯಂ ಇಟ್ಟರೆ ಕಪ್ಪಾಗುತ್ತದೆ. ಅದಕ್ಕೂ ಹೆಚ್ಚಿನ ಆರ್ಕಿಡ್‌ಗಳಿಗೂ 12–13 ಡಿಗ್ರಿಗಿಂತ ಕೆಳಗೆ ಆಗಿಬರದು. ಮನೆಯ ಫ್ರಿಜ್ ಹೂವಿಗೆ ಒಗ್ಗುವುದಿಲ್ಲ. ಒಳಗಿನ ಗಾಳಿ ಒಣಗಿರುತ್ತದೆ, ಜೊತೆಗೆ ಮಾಗುವ ಹಣ್ಣುಗಳು ಎಥಿಲೀನ್ ಅನಿಲ ಬಿಡುತ್ತವೆ. ಅದು ತಾಗಿದರೆ ಕಾರ್ನೇಷನ್ ಎಸಳು ಒಳಕ್ಕೆ ಮುದುಡಿ ನಿದ್ದೆಹೋದಂತಾಗುತ್ತದೆ. ಬಾಡಿದ ಹೂವೂ ಇದೇ ಅನಿಲ ಬಿಡುವುದರಿಂದ ಅದನ್ನು ಅಂಗಡಿಯಲ್ಲಿ ಉಳಿಸಿಕೊಳ್ಳಬೇಡಿ.

ದಂಟು ಚುಚ್ಚಿ ನಿಲ್ಲಿಸುವ ಸ್ಪಂಜಿನಂಥ ಫ್ಲೋರಲ್ ಫೋಮನ್ನು ನೀರಿನಲ್ಲಿ ಕೈಯಿಂದ ಒತ್ತಿ ಮುಳುಗಿಸುವುದು ಇನ್ನೊಂದು ತಪ್ಪು. ಹೊರಗೆ ಒದ್ದೆಯಾಗಿ ನಡುವೆ ಒಣಗೇ ಉಳಿಯುತ್ತದೆ, ಅಲ್ಲಿ ಚುಚ್ಚಿದ ದಂಟಿಗೆ ಹನಿ ನೀರೂ ಸಿಗುವುದಿಲ್ಲ. ನೀರಿನ ಮೇಲೆ ತೇಲಬಿಟ್ಟು ತಾನಾಗಿ ಮುಳುಗಲು ಬಿಡಬೇಕು. ಆದರೆ ಈ ಫೋಮ್ ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್. ಅದರ ಬದಲು ಪಾತ್ರೆಯೊಳಗೆ ತಂತಿಬಲೆ ಮಡಚಿಟ್ಟರೂ ದಂಟು ನಿಲ್ಲುತ್ತದೆ, ಬಲೆಯನ್ನು ತೊಳೆದು ಮತ್ತೆ ಮತ್ತೆ ಬಳಸಬಹುದು.

ಶುರುವಿಗೆ ಐದಾರು ಬಗೆಯ ಹೂ, ಎರಡು ಬಗೆಯ ಸೊಪ್ಪು ಸಾಕು. ಮುಂಗಡ ಪಡೆದ ಆರ್ಡರಿಗೆ ತಕ್ಕಷ್ಟು ತಂದು, ಮೇಲೆ ಹತ್ತಕ್ಕೊಂದರಂತೆ ಹೆಚ್ಚುವರಿ ಇಟ್ಟುಕೊಂಡರೆ ಆಯಿತು. ಗುಲಾಬಿಯನ್ನು ಹೊರಗಿನ ಒಂದೆರಡು ಎಸಳು ಸಡಿಲವಾದಾಗ ಕೊಳ್ಳಿ. ತೀರಾ ಬಿಗಿ ಮೊಗ್ಗು ಅರಳದೆಯೇ ಕತ್ತು ಬಾಗಿಸುತ್ತದೆ.

ಮುಂದೆ ಹೂವಿನ ವ್ಯಾಪಾರದ ಬಗ್ಗೆ ಬರಹ ಪ್ರಕಟಿಸುವಾಗ ಹಾಳಾಗುವ ಹೂವಿನ ಲೆಕ್ಕಕ್ಕೂ ಬಕೆಟ್ ತೊಳೆಯುವ ವಿಧಾನಕ್ಕೂ ದಯವಿಟ್ಟು ನಾಲ್ಕು ಸಾಲು ಜಾಗ ಕೊಡಿ.

— ಹೂವಿನ ವ್ಯಾಪಾರಿಗಳು